ಮೊದಲ ಬೋಲ್ಟಿನ ಕುಂಕುಮ

ಲಿಂಗರಾಜಣ್ಣನ ವಿಷಯ ಬರೆಯಬೇಕೆಂದರೆ ನನ್ನ ಗಾಡಿಯ ಬ್ರೇಕಿನಿಂದಲೇ ಶುರುಮಾಡಬೇಕು. ಹುಟ್ಟಿದ್ದೆಲ್ಲಿ, ಓದಿದ್ದೆಷ್ಟು ಅನ್ನುವುದೆಲ್ಲ ಆಮೇಲೆ ಬರಲಿ. ಮೂರು ವರ್ಷದಿಂದ ಪರಿಚಯವಿದ್ದರೂ ಅವರನ್ನು ನಾನು ಸರಿಯಾಗಿ ಕಂಡದ್ದು ನನ್ನ ಬ್ರೇಕು ಗಟ್ಟಿಯಾದ ಆ ಹದಿನೈದು ದಿನಗಳಲ್ಲಿ. ಅಷ್ಟು ಭಯ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ. ಕೊನೆಯ ದಿನ ಅವರಿಗೆ ನನಗಿಂತ ಹೆಚ್ಚು ಭಯವಾಯಿತು.

ನನ್ನ ಹೆಸರು ಸುಚಿತ್ರಾ. ಮೇಟಗಳ್ಳಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಶ್ರೀರಾಂಪುರದಲ್ಲಿ, ಅಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನಾ ಓಡಾಟ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಹೋದವು. ಇದನ್ನು ಕೇಳಿ ಮುಖ ಸಣ್ಣ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಆದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಕಾಲಿನ ಕೆಲಸವನ್ನೆಲ್ಲ ನಲವತ್ನಾಲ್ಕು ವರ್ಷದಿಂದ ನನ್ನ ಕೈಗಳೇ ಮಾಡಿಕೊಂಡು ಬಂದಿವೆ.

ನನ್ನ ಗಾಡಿ ಯಾವ ಕಂಪನಿಯದ್ದೂ ಅಲ್ಲ. ಶಾಲೆಯ ಹಿಂದಿನ ರಸ್ತೆಯ ಎರಡು ಶೆಡ್ಡುಗಳಲ್ಲಿ ಕೂಡಿಸಿದ್ದು. ಹಳೇ ವ್ಯಾನಿನ ಬಾಡಿ, ಬೇರೆ ಯಾವುದೋ ಕಾರಿನ ಡೀಸೆಲ್ ಎಂಜಿನ್ನು, ತಾನಾಗಿ ಬದಲಾಗುವ ಗೇರು, ವೀಲ್‌ಚೇರ್ ಸಮೇತ ನಾನು ಒಳಗೆ ಹತ್ತಲು ಹಿಂದುಗಡೆ ಮೋಟರಿನಲ್ಲಿ ಇಳಿಯುವ ಹಲಗೆ. ವೆಲ್ಡಿಂಗ್ ಕೆಲಸ ಮಹೇಂದ್ರನದು, ವೈರಿಂಗು ಲಿಂಗರಾಜಣ್ಣನದು. ಬ್ರೇಕು, ಆಕ್ಸಿಲರೇಟರ್ ಎರಡೂ ಎಡಗೈಯ ಒಂದೇ ಲಿವರಿನಲ್ಲಿ. ಎಳೆದರೆ ಓಟ, ಮುಂದಕ್ಕೆ ತಳ್ಳಿದರೆ ಬ್ರೇಕು. ಬೇರೆ ಡೀಸೆಲ್ ಕಾರುಗಳಲ್ಲಿ ಬ್ರೇಕನ್ನು ಹಗುರ ಮಾಡುವ ಪಂಪನ್ನು ಎಂಜಿನ್ನೇ ತಿರುಗಿಸುತ್ತದಂತೆ. ನನ್ನದರಲ್ಲಿ ಲಿವರಿನ ಸರಳು ಹಾಯಲು ಜಾಗ ಬೇಕಾಗಿ ಆ ಪಂಪನ್ನು ತೆಗೆದು, ಬ್ಯಾಟರಿ ಕರೆಂಟಿನಲ್ಲಿ ಓಡುವ ಪುಟ್ಟ ಪಂಪೊಂದನ್ನು ಇಟ್ಟಿದ್ದಾರೆ. ಅದು ಸರಿಯಾಗಿ ಓಡಿದರೆ ಲಿವರು ಬೆಣ್ಣೆಯ ಹಾಗೆ ಹೋಗುತ್ತದೆ. ಓಡದಿದ್ದರೆ ಗೋಡೆಯನ್ನು ತಳ್ಳಿದ ಹಾಗೆ.

ಗಾಡಿ ಕಟ್ಟುವಾಗ ಲಿಂಗರಾಜಣ್ಣ ಟೇಪು ತರಲಿಲ್ಲ. ಒಂದು ತುಂಡು ವೈರನ್ನು ನನ್ನ ಭುಜದಿಂದ ಮಣಿಕಟ್ಟಿನವರೆಗೆ ಹಿಡಿದು, ಗಂಟು ಹಾಕಿ, ಅದನ್ನು ಮಹೇಂದ್ರನ ಕೈಗೆ ಕೊಟ್ಟು "ಲಿವರು ಇಷ್ಟು ದೂರ ಇರ್ಬೇಕು, ಒಂದು ನೂಲೂ ಎಚ್ಚು ಬೇಡ" ಅಂದರು. ಅಳತೆ ತೆಗೆಯುವಾಗ ಜನ ಸಾಮಾನ್ಯವಾಗಿ ನನ್ನ ಕಾಲನ್ನು ನೋಡುತ್ತಾರೆ. ಅವರು ಕೈಯನ್ನು ಮಾತ್ರ ನೋಡಿದರು. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿಗೆ ಹಸಿರು ವೈರು ಸುತ್ತಿಕೊಂಡ, ಐವತ್ತೆಂಟರ ಆ ತೆಳ್ಳಗಿನ ಮನುಷ್ಯನ ಮೇಲೆ ನನಗೆ ಅವತ್ತೇ ನಂಬಿಕೆ ಬಂತು.

ಅವತ್ತೇ ಇನ್ನೊಂದನ್ನೂ ನೋಡಿದೆ. ವೈರಿಂಗಿನಲ್ಲಿ ಮೊದಲು ಬೀಳುವುದು ಅರ್ತಿನ ಬೋಲ್ಟು. ಬ್ಯಾಟರಿಯ ಕಪ್ಪು ವೈರನ್ನು ಗಾಡಿಯ ಕಬ್ಬಿಣಕ್ಕೆ ಬಿಗಿಯುವ ಬೋಲ್ಟು ಅದು. ಲೈಟು, ವೈಪರು, ಪಂಪು, ಯಾವುದರಲ್ಲಿ ಓಡಿದ ಕರೆಂಟೂ ಆ ದಾರಿಯಲ್ಲೇ ಬ್ಯಾಟರಿಗೆ ವಾಪಸು ಬರಬೇಕು. ಬೇರೆ ಗಾಡಿಗಳಲ್ಲಿ ಇಂಥ ನಾಲ್ಕೈದು ಜಾಗ ಇರುತ್ತವೆ. ನನ್ನದರಲ್ಲಿ ಒಂದೇ, ನನ್ನ ಸೀಟಿನ ಕೆಳಗೆ. ಅದನ್ನು ಹಾಕುವ ಮುಂಚೆ ಲಿಂಗರಾಜಣ್ಣ ಜೇಬಿನಿಂದ ಹಿತ್ತಾಳೆಯ ಕುಂಕುಮದ ಭರಣಿ ತೆಗೆದರು. ಚಿಟಿಕೆ ಅರಿಶಿನ, ಚಿಟಿಕೆ ಕುಂಕುಮವನ್ನು ಅಂಗೈಯಲ್ಲಿ ನೀರು ಚಿಮುಕಿಸಿ ಕಲಸಿ, ಬೋಲ್ಟಿನ ತೂತಿನ ಸುತ್ತ ದಪ್ಪಗೆ ಹಚ್ಚಿ, ಅದರ ಮೇಲೆ ವೈರಿಟ್ಟು ಬಿಗಿದು ಕೈಮುಗಿದರು.

"ಇದೇನು ಲಿಂಗರಾಜಣ್ಣ?" ಅಂದೆ.

"ನಮ್ಮವ್ವ ಏಳ್ಕೊಟ್ಟಿದ್ದು ಟೀಚರಮ್ಮ."

ಅವರ ಊರು ಮಂಡಕಳ್ಳಿಯಿಂದ ಆಚೆಗೆ. ಅವರ ತಾಯಿ ಸಿದ್ದಲಿಂಗಮ್ಮ ಹೊಲದಲ್ಲಿ ಸಸಿ ನೆಡುವಾಗ ಮೊದಲ ಗುಣಿಗೆ ಅರಿಶಿನ ಕುಂಕುಮ ಹಾಕದೆ ಸಸಿ ಮುಟ್ಟಿದವರಲ್ಲ. ಏಳನೇ ಕ್ಲಾಸು ಫೇಲಾಗಿ ವೈರಿಂಗು ಕಲಿತ ಮಗ, ಹದಿನೇಳನೇ ವಯಸ್ಸಿನಲ್ಲಿ ಮನೆಯ ಮುಂದೆಯೇ ಒಂದು ಟ್ರ್ಯಾಕ್ಟರಿಗೆ ಮೊದಲ ಬೋಲ್ಟು ಹಾಕಲು ಹೊರಟಾಗ, ಆಕೆ ಈ ಭರಣಿ ಹಿಡಿದು ಬಂದರಂತೆ. "ಮೊದಲ್ನೇ ಗುಣಿ ಬರಿದು ಬುಡ್ಬಾರ್ದು ಕಣ್ಲಾ" ಅಂದರಂತೆ. ಅಲ್ಲಿಂದ ನಲವತ್ತು ವರ್ಷ ಅವರು ಹಾಕಿದ ಯಾವ ಮೊದಲ ಬೋಲ್ಟೂ ಬರಿದಾಗಿ ಕೂತಿಲ್ಲ. ಹಾಕಿದ ಮೇಲೆ ಅದನ್ನು ಬಿಚ್ಚುವುದೂ ಇಲ್ಲ. ನನಗೆ ದೇವರು ದಿಂಡರಲ್ಲಿ ಅಂಥ ಆಸ್ಥೆಯಿಲ್ಲ, ಆದರೂ ಅವತ್ತು ಕಣ್ಣು ತೇವವಾಯಿತು.

ಮೂರು ವರ್ಷ ಗಾಡಿ ಚೆನ್ನಾಗಿ ಓಡಿತು. ಈ ಸಲದ ಜೂನ್ ಕೊನೆಯಲ್ಲಿ ಒಂದು ಸಂಜೆ ರಿಂಗ್ ರೋಡಿನಲ್ಲಿ ಬರುತ್ತಿದ್ದೆ. ಜೋರು ಮಳೆ, ಲೈಟು ಹಾಕಿದ್ದೆ, ವೈಪರು ಓಡುತ್ತಿತ್ತು, ಗಾಜು ಮಂಜಾಗದಿರಲೆಂದು ಫ್ಯಾನೂ ಇತ್ತು. ಮುಂದಿದ್ದ ಸಿಟಿ ಬಸ್ಸಿನ ಕೆಂಪು ದೀಪ ಹತ್ತಿತು. ಲಿವರು ತಳ್ಳಿದೆ. ಅದು ಒಂದಂಗುಲ ಹೋಗಿ ನಿಂತುಬಿಟ್ಟಿತು. ಇನ್ನೂ ತಳ್ಳಿದೆ, ಅಲ್ಲಾಡಲಿಲ್ಲ. ಕೊನೆಗೆ ಸ್ಟೀರಿಂಗ್ ಬಿಟ್ಟು ಎರಡೂ ಕೈ ಕೊಟ್ಟು, ಎದೆಯನ್ನೂ ಊರಿ ತಳ್ಳಿದ್ದಕ್ಕೆ ಬಸ್ಸಿಗೆ ಒಂದು ಮೊಳ ದೂರದಲ್ಲಿ ಗಾಡಿ ನಿಂತಿತು. ಬಸ್ಸಿನ ಹಿಂದಿನ ಗಾಜಿನಲ್ಲಿ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. 

ಆ ಕ್ಷಣದಲ್ಲಿ ನನಗೆ ಬಂದ ಯೋಚನೆ ಗಾಡಿಯದಲ್ಲ, ನನ್ನ ಕೈಯದು. ಪೋಲಿಯೋ ಬಂದವರಿಗೆ ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಉಳಿದ ಅಂಗಗಳ ಬಲವೂ ಇಳಿಯಬಹುದು ಅಂತ ಎಲ್ಲೋ ಓದಿದ್ದೆ. ಓದಿದ ದಿನವೇ ಆ ಪುಟ ಮುಚ್ಚಿ ಮರೆತವಳ ಹಾಗೆ ಇದ್ದೆ. ಅದು ಬಂದೇ ಬಿಟ್ಟಿತು ಅನ್ನಿಸಿತು. ಕೈಯೂ ಹೋದರೆ ಗಾಡಿಯಿಲ್ಲ, ಶಾಲೆಯಿಲ್ಲ. ಹಾಸಿಗೆಯಿಂದ ಕುರ್ಚಿಗೆ ಬರಲೂ ಯಾರಾದರೂ ಎತ್ತಬೇಕು.

ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಕದ್ದು ಪರೀಕ್ಷೆ ಶುರುಮಾಡಿದೆ. ಒದ್ದೆ ಟವೆಲ್ಲು ಹಿಂಡಿ ಎಷ್ಟು ನೀರು ಬಿತ್ತು ನೋಡುವುದು, ಉಪ್ಪಿನಕಾಯಿ ಜಾಡಿ, ಹಿಟ್ಟಿನ ಡಬ್ಬ, ಕಂಡ ಕಂಡ ಮುಚ್ಚಳವನ್ನೆಲ್ಲ ಬಿಗಿದು ಬಿಚ್ಚುವುದು. ಒಂದು ದಿನ ಸುಲಭ ಅನ್ನಿಸುತ್ತಿತ್ತು, ಮಾರನೇ ದಿನ ಕಷ್ಟ ಅನ್ನಿಸುತ್ತಿತ್ತು. ನನ್ನ ತಾಯಿ ಪುಟ್ಟತಾಯಮ್ಮನಿಗೆ ತಡೆಯಲಾಗಲಿಲ್ಲ.

"ಯಾಕವ್ವ ಮನೇಲಿರೋ ಮುಚ್ಚಳನೆಲ್ಲ ಬಿಚ್ಚಿ ಬಿಚ್ಚಿ ಇಡ್ತೀಯ? ಏನ್ ಉಡುಕ್ತಿದ್ದೀಯ?"

"ಏನಿಲ್ಲ ಬಿಡವ್ವ" ಅಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಮುಚ್ಚಳಗಳನ್ನು ಒಂದೊಂದಾಗಿ ಹಾಕಿಕೊಂಡು ಹೋದರು.

ಆ ಎರಡು ವಾರದಲ್ಲಿ ಮೂರು ಸಲ ಗಾಡಿಯನ್ನು ಲಿಂಗರಾಜಣ್ಣನ ಶೆಡ್ಡಿಗೆ ಒಯ್ದೆ. ಮೊದಲ ಸಲ ಮೀಟರಿಟ್ಟು "ಬ್ಯಾಟ್ರಿ ಚೆನ್ನಾಗದೆ, ಹನ್ನೆರಡೂವರೆ ತೋರಿಸ್ತಾ ಅದೆ" ಅಂದರು. ಆದರೂ ಅನುಮಾನಕ್ಕೆ ಹೊಸದು ಹಾಕಿದರು. ಎರಡನೇ ಸಲ ಡೈನಮೋ ಬಿಚ್ಚಿ ರಿಪೇರಿ ಮಾಡಿದರು. ಮೂರನೇ ಸಲ ಬ್ಯಾಟರಿಯಿಂದ ಪಂಪಿನವರೆಗೆ ದಪ್ಪನೆಯ ಕೆಂಪು ವೈರು ಹೊಸದಾಗಿ ಎಳೆದರು. ಪ್ರತಿ ಸಲವೂ ಮಧ್ಯಾಹ್ನ ಶೆಡ್ಡಿನಲ್ಲಿ ಲಿವರು ಬೆಣ್ಣೆ. ಸಂಜೆ ಮಳೆಯಲ್ಲಿ ಮತ್ತೆ ಗೋಡೆ. ಮೂರನೇ ಸಲ ಅವರು ತಲೆ ಕೆರೆದುಕೊಂಡು, ಮೆತ್ತಗೆ ಕೇಳಿದರು:

"ಟೀಚರಮ್ಮ, ತಪ್ಪು ತಿಳ್ಕೋಬೇಡಿ. ಲಿವರು ಪೂರ್ತಿ ತಳ್ತಾ ಇದ್ದೀರಾ?"

ನನಗೆ ಸಿಟ್ಟು ನೆತ್ತಿಗೇರಿತು. ಮೂರು ವರ್ಷ ತಳ್ಳಿದವಳು ಈಗ ತಳ್ಳುವುದನ್ನು ಮರೆತೆನೇ ಅಂತ ಅಷ್ಟು ಹಿರಿಯರ ಮೇಲೆ ರೇಗಿಬಿಟ್ಟೆ. ರೇಗಿದ್ದು ಭಯದಿಂದ. ಅವರು ನನ್ನ ಒಳಗಿದ್ದ ಪ್ರಶ್ನೆಯನ್ನೇ ಕೇಳಿದ್ದರು.

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರ ಶೆಡ್ಡಿಗೆ ಹೋದೆ. ರಾತ್ರಿಯೆಲ್ಲ ಕೂತು ಯೋಚಿಸಿ ಒಂದು ವಿಷಯ ಹೊಳೆದಿತ್ತು. ಬ್ರೇಕು ಗಟ್ಟಿಯಾದದ್ದೆಲ್ಲ ಲೈಟು, ವೈಪರು, ಫ್ಯಾನು ಒಟ್ಟಿಗೆ ಓಡುವಾಗ. ಶೆಡ್ಡಿನಲ್ಲಿ ಅವರು ಅವನ್ನೆಲ್ಲ ಆರಿಸಿ ನೋಡುತ್ತಿದ್ದರು.

"ಮಳೆಗಾಲದ ಸಂಜೆ ನಾನು ಏನೇನು ಹಾಕ್ತೀನೋ ಎಲ್ಲ ಹಾಕಿ, ಆಮೇಲೆ ಮೀಟರ್ ಇಡಿ ಲಿಂಗರಾಜಣ್ಣ" ಅಂದೆ. "ಪಂಪಿಗೆ ಕರೆಂಟು ಪೂರ್ತಿ ಹೋಗ್ತಾ ಇದ್ದೂ ಲಿವರು ಗಟ್ಟಿ ಇದ್ರೆ, ತಪ್ಪು ಗಾಡಿದಲ್ಲ. ಇವತ್ತೇ ಗಾಡಿ ಇಲ್ಲಿ ಬಿಟ್ಟು ಆಟೋದಲ್ಲಿ ಮನೆಗೆ ಹೋಗ್ತೀನಿ. ಮತ್ತೆ ತಗೊಳ್ಳಲ್ಲ."

ಅವರು ನನ್ನ ಕೈಗಳನ್ನು ನೋಡಿದರು. ಅರ್ಥವಾಯಿತು ಅಂತ ಕಾಣುತ್ತದೆ. ಎಲ್ಲ ಸ್ವಿಚ್ಚೂ ಹಾಕಿದರು. ಒಣಗಿದ ಗಾಜಿನ ಮೇಲೆ ವೈಪರು ಕಿರ್ರೆನ್ನುತ್ತಾ ಓಡತೊಡಗಿತು. ಲಿವರು ನಾಲ್ಕು ಸಲ ತಳ್ಳಿದೆ, ಐದನೇ ಸಲಕ್ಕೆ ಗಟ್ಟಿಯಾಯಿತು. ಅವರು ಬ್ಯಾಟರಿಯ ಹತ್ತಿರ ಮೀಟರಿಟ್ಟರು. ಹನ್ನೆರಡು. ಪಂಪಿನ ಹತ್ತಿರ ಬಂದು ಅದರ ಎರಡು ವೈರಿಗೆ ಇಟ್ಟರು. ನಾನು ಕಣ್ಣು ಮುಚ್ಚಿಕೊಂಡೆ.

"ಒಂಬತ್ತು" ಅಂದರು.

"ಏನು?"

"ಒಂಬತ್ತೇ ಟೀಚರಮ್ಮ. ಮೂರು ಓಲ್ಟು ದಾರೀಲೇ ಓಗ್ತಾ ಅದೆ. ಪಂಪು ಎಂಗೆ ಓಡುತ್ತೆ ಇದ್ರಲ್ಲಿ?"

ನನಗೆ ಅಳು ಬಂತು. ಸೀಟಿನಲ್ಲಿ ಕೂತೇ ಅತ್ತೆ, ನಾಚಿಕೆಯಾಗಲಿಲ್ಲ. ನನ್ನ ಕೈ ನನ್ನದಾಗಿಯೇ ಉಳಿದಿತ್ತು.

ಆದರೆ ಲಿಂಗರಾಜಣ್ಣನ ಮುಖ ಅರಳಲಿಲ್ಲ. ಹೋಗುವ ದಾರಿ ಅಳೆದರು: ಬ್ಯಾಟರಿಯ ಕೆಂಪು ಮೊಳೆಯಿಂದ ಪಂಪಿನ ಕೆಂಪು ವೈರಿನವರೆಗೆ ನಷ್ಟವಾಗುತ್ತಿದ್ದದ್ದು ಕಾಲು ವೋಲ್ಟು ಮಾತ್ರ. ಉಳಿದ ಎರಡೂಮುಕ್ಕಾಲು ವಾಪಸು ಬರುವ ದಾರಿಯಲ್ಲಿ ಎಲ್ಲೋ ಹೋಗುತ್ತಿತ್ತು. ವಾಪಸು ಬರಲು ಇದ್ದದ್ದು ಒಂದೇ ಬೋಲ್ಟು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಕಪ್ಪು ಮೊಳೆಗೆ, ಇನ್ನೊಂದನ್ನು ಗಾಡಿಯ ಕಬ್ಬಿಣಕ್ಕೆ ಇಟ್ಟರು. ಎರಡೂಮುಕ್ಕಾಲು. ಅವರು ಹಾಗೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು.

"ಬಿಚ್ಚಿ ನೋಡಿ" ಅಂದೆ.

"ಅದೊಂದು ಬುಡಿ ಟೀಚರಮ್ಮ. ಪಕ್ಕದಲ್ಲೇ ಇನ್ನೊಂದು ತೂತು ಒಡೆದು ಬೇರೆ ವೈರು ಕೊಟ್ಬುಡ್ತೀನಿ. ಗಾಡಿ ಸರೋಗುತ್ತೆ."

"ಸರಿಹೋಗುತ್ತೆ. ಆದ್ರೆ ಅದು ಯಾಕೆ ಹಾಳಾಯ್ತು ಅಂತ ನಿಮಗೆ ಗೊತ್ತಾಗಲ್ಲ" ಅಂದೆ. ಪಾಠ ಮಾಡುವ ದನಿ ಬಂದುಬಿಟ್ಟಿತ್ತು. "ನನಗೆ ಗೊತ್ತಾಗ್ಬೇಕು. ಹದಿನೈದು ದಿನ ಸಾಯ್ತಾ ಬದುಕ್ತಾ ಇದ್ದೀನಿ ನಾನು."

ಅವರು ಜೇಬಿನ ಮೇಲಿಂದಲೇ ಭರಣಿಯನ್ನು ಒಮ್ಮೆ ಮುಟ್ಟಿಕೊಂಡರು. ಆಮೇಲೆ ಬ್ಯಾಟರಿಯ ವೈರು ತೆಗೆದು, ಸ್ಪ್ಯಾನರು ಹಿಡಿದರು. ಬೋಲ್ಟು ಸುಲಭವಾಗಿ ಬರಲಿಲ್ಲ. ಬಂದಾಗ ಅದರ ಅಡಿಯಲ್ಲಿ ಕೆಂಪು ಕಂದು ಬಣ್ಣದ ಹೆಪ್ಪು. ಎಷ್ಟು ಕುಂಕುಮ, ಎಷ್ಟು ತುಕ್ಕು ಹೇಳುವ ಹಾಗಿರಲಿಲ್ಲ. ಮಳೆಯಲ್ಲಿ ನೆನೆದ ನನ್ನ ವೀಲ್‌ಚೇರಿನ ಚಕ್ರದಿಂದ ಇಳಿದ ನೀರನ್ನೆಲ್ಲ ಮೂರು ವರ್ಷ ಹೀರಿಕೊಂಡು, ವೈರಿಗೂ ಕಬ್ಬಿಣಕ್ಕೂ ನಡುವೆ ಅದು ಗಟ್ಟಿಯಾಗಿ ಕೂತಿತ್ತು. ಕಡಿಮೆ ಕರೆಂಟಾದರೆ ಹೇಗೋ ನುಸುಳಿಕೊಂಡು ಹೋಗುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ದಾರಿ ಸಾಲುತ್ತಿರಲಿಲ್ಲ.

ಅವರು ಅದನ್ನು ಉಗುರಿನಲ್ಲಿ ಕೆರೆದು ನೋಡಿದರು. "ನಾನೇ ಮಾಡ್ಬುಟ್ನಲ್ಲ" ಅಂದರು. "ನಮ್ಮವ್ವನ್ ಎಸ್ರಲ್ಲಿ ನಿಮ್ಮನ್ನ ಸಾಯಿಸ್ಬುಡ್ತಿದ್ದೆ."

ನಾನು ಏನಾದರೂ ಸಮಾಧಾನ ಹೇಳಬೇಕಿತ್ತು, ಆದರೆ ಬಸ್ಸಿನ ಹಿಂದಿನ ಗಾಜಿನ ಹೆಂಗಸು ನೆನಪಾದಳು.

ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಅವರು ಉಪ್ಪುಕಾಗದದಲ್ಲಿ ಉಜ್ಜಿದರು. ಹೊಸ ಬೋಲ್ಟು ಬಿಗಿದು, ಮೇಲೆ ಗ್ರೀಸು ಬಳಿದು, ಮತ್ತೆ ಅಳೆದಾಗ ನಷ್ಟ ಇಲ್ಲವೆಂದೇ ಹೇಳಬೇಕು. ಎಲ್ಲ ಸ್ವಿಚ್ಚೂ ಹಾಕಿ ಲಿವರು ಇಪ್ಪತ್ತು ಸಲ ತಳ್ಳಿದೆ. ಇಪ್ಪತ್ತು ಸಲವೂ ಬೆಣ್ಣೆ. ನಾನು ನಗುತ್ತಾ ತಿರುಗಿದರೆ ಲಿಂಗರಾಜಣ್ಣ ಗೋಡೆಗೊರಗಿ ಬೆವರುತ್ತಿದ್ದರು.

"ಇದೇ ತರ ಕೈ ಲಿವರಿನ ಗಾಡಿ ಇನ್ನೂ ಮೂರು ಕಟ್ಟಿವ್ನಿ" ಅಂದರು. "ಮೂರಕ್ಕೂ ಒಂದೊಂದೇ ಬೋಲ್ಟು."

ಅಲ್ಲೇ ನಿಂತು ಫೋನು ಮಾಡಿದರು. ಮಂಡ್ಯದವರು ಎತ್ತಿದರು, ಹುಣಸೂರಿನವರು ಎತ್ತಿದರು. ಇಬ್ಬರಿಗೂ "ಗಾಡಿ ತೆಗೀಬೇಡಿ, ನಾಳೆ ನಾನೇ ಬತ್ತೀನಿ, ಕೈ ಮುಗೀತೀನಿ" ಅಂದರು. ಮೂರನೆಯವರು ಮಂಡಕಳ್ಳಿ ಪಕ್ಕದ ಹಳ್ಳಿಯ ಕೃಷ್ಣಪ್ಪ. ತೆಂಗಿನಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು, ದಿನಾ ಗಾಡಿಯಲ್ಲಿ ಸೊಪ್ಪು ತುಂಬಿಕೊಂಡು ನಮ್ಮ ಶ್ರೀರಾಂಪುರದ ಬಡಾವಣೆಗಳಲ್ಲಿ ಮಾರುವವರು. ಅವರ ಫೋನು ಬಡಿದು ಬಡಿದು ನಿಂತಿತು. ಏಳು ಸಲ ಮಾಡಿದರು. ಯಾಕೆ ಎತ್ತುತ್ತಿಲ್ಲ ಅನ್ನುವುದು ನನಗೆ ಅವರಿಗಿಂತ ಮೊದಲು ಹೊಳೆಯಿತು. ನಮ್ಮಂಥವರು ಗಾಡಿ ಓಡಿಸುವಾಗ ಒಂದು ಕೈ ಸ್ಟೀರಿಂಗಿನಲ್ಲಿ, ಇನ್ನೊಂದು ಲಿವರಿನಲ್ಲಿ. ಫೋನು ಎತ್ತಲು ಮೂರನೇ ಕೈ ಇಲ್ಲ.

ಹೊರಗೆ ಮಳೆ ಶುರುವಾಗಿತ್ತು.

"ಹತ್ತಿ" ಅಂದೆ.

ಮೇಟಗಳ್ಳಿಯಿಂದ ಮಂಡಕಳ್ಳಿಗೆ ಅಷ್ಟು ಉದ್ದದ ದಾರಿ ನಾನು ಯಾವತ್ತೂ ಓಡಿಸಿಲ್ಲ. ಲೈಟು, ವೈಪರು, ಫ್ಯಾನು ಎಲ್ಲ ಓಡುತ್ತಿದ್ದವು. ಬೋಲ್ಟು ಬಿಗಿದು ಅರ್ಧ ಗಂಟೆಯೂ ಆಗಿರಲಿಲ್ಲ, ನಂಬಿಕೆ ಎಲ್ಲಿಂದ ಬರಬೇಕು? ಪ್ರತಿ ಸಿಗ್ನಲ್ಲಿನಲ್ಲೂ ಇಬ್ಬರೂ ಲಿವರನ್ನೇ ನೋಡುತ್ತಿದ್ದೆವು. ಲಿಂಗರಾಜಣ್ಣ ಏನೂ ಇಲ್ಲದ ಕಡೆ ತಮ್ಮ ಕಾಲನ್ನು ಒತ್ತಿ ಒತ್ತಿ ಬ್ರೇಕು ಹಾಕುತ್ತಿದ್ದರು. ರಸ್ತೆ ಬದಿಯಲ್ಲಿ ಎಲ್ಲಿ ಜನ ಗುಂಪುಗೂಡಿ ನಿಂತಿದ್ದರೂ ನಮ್ಮ ಮಾತು ನಿಂತುಹೋಗುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಬಸ್ಸಿಗೆ ಕಾಯುವವರು, ಜೋಳ ಸುಡುವವನ ಮುಂದೆ ನಿಂತವರು. ಒಮ್ಮೆ ಅವರು ಭರಣಿಯನ್ನು ಜೇಬಿನಿಂದ ತೆಗೆದು ಕಿಟಕಿಯ ಕಡೆ ಕೈ ಒಯ್ದರು. ಎಸೆಯುತ್ತಾರೆ ಅಂದುಕೊಂಡೆ. ಎಸೆಯಲಾಗದೆ ಮತ್ತೆ ಜೇಬಿಗೆ ಹಾಕಿಕೊಂಡರು.

ಕೃಷ್ಣಪ್ಪನವರ ನೀಲಿ ಗಾಡಿ ಅವರ ಮನೆಯ ಮುಂದೆಯೇ ಇತ್ತು. ಅದರ ಮೂತಿ ಕಾಂಪೌಂಡಿನ ಕಲ್ಲುಚಪ್ಪಡಿಗೆ ತಗುಲಿ ಬಾಗಿತ್ತು. ಲಿಂಗರಾಜಣ್ಣ ನನ್ನ ಗಾಡಿ ನಿಲ್ಲುವ ಮೊದಲೇ ಇಳಿದು ಓಡಿದರು. ಜಗಲಿಯ ಮೇಲೆ ಕೃಷ್ಣಪ್ಪ ಗೋಡೆಗೆ ಒರಗಿ ಕೂತಿದ್ದರು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಆದರೂ ಅಷ್ಟು ಸೋತ ಮುಖವನ್ನು ನಾನು ನೋಡಿರಲಿಲ್ಲ.

"ನೀವಾದ್ರೂ ಬುದ್ಧಿ ಏಳಿ ಅಣ್ಣ" ಅಂತ ಅವರ ಹೆಂಡತಿ ಸಾಕಮ್ಮ ಶುರುಮಾಡಿದರು. "ಮೊನ್ನೆ ಕಲ್ಲಿಗೆ ತಗುಲ್ಸಿದ್ರು. ಅವತ್ತಿಂದ ಸೊಪ್ಪಿಗೂ ಓಗಿಲ್ಲ, ಫೋನೂ ಎತ್ತಲ್ಲ. ಗಾಡಿ ಮಾರ್ಬುಡ್ತೀನಿ ಅಂತಾ ಅವ್ರೆ."

ನನ್ನನ್ನು ಕುರ್ಚಿ ಸಮೇತ ಜಗಲಿಯ ಹತ್ತಿರ ತಂದಾದ ಮೇಲೆ ಆಕೆ ಕಾಫಿ ತಂದರು. ನಮ್ಮಿಬ್ಬರಿಗೆ ತುಂಬಿದ ಲೋಟ, ಗಂಡನಿಗೆ ಅರ್ಧ. ನಾನು ನೋಡಿದ್ದನ್ನು ಕಂಡು ಕೃಷ್ಣಪ್ಪನವರೇ ಹೇಳಿದರು.

"ಕೈಯಲ್ಲಿ ಬಲ ಇಲ್ಲ ಕಣವ್ವ. ಒಂದು ವಾರದಿಂದ ಬ್ರೇಕು ತಳ್ಳಕ್ಕೇ ಆಗ್ತಿಲ್ಲ. ಕಾಲು ಓಗಿತ್ತು, ಈಗ ಕೈ. ತುಂಬಿದ ಲೋಟ ಇಡಿಯಕ್ಕೂ ಎದ್ರಿಕೆ."

ಅಷ್ಟು ದೊಡ್ಡ ಗಾಡಿಯಲ್ಲಿ ಎಲ್ಲಿ ಏನು ಕೆಟ್ಟರೂ ನಾವಿಬ್ಬರೂ ಮೊದಲು ನಂಬಿದ್ದು ನಮ್ಮ ಮೈ ಕೆಟ್ಟಿದೆ ಅಂತ. ಅದಕ್ಕೆ ಸಿಟ್ಟು ಬಂತು, ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ.

ಲಿಂಗರಾಜಣ್ಣ ಕಾಫಿ ಮುಟ್ಟಲಿಲ್ಲ. ಮಳೆಯಲ್ಲೇ ನೀಲಿ ಗಾಡಿಯ ಒಳಗೆ ಬಗ್ಗಿ ಬೋಲ್ಟು ಬಿಚ್ಚಿದರು. ಅಡಿಯಲ್ಲಿದ್ದದ್ದನ್ನು ಅಂಗೈಯಲ್ಲಿ ಕೆರೆದುಕೊಂಡು ಜಗಲಿಗೆ ಬಂದು, ಕೃಷ್ಣಪ್ಪನ ಮುಂದೆ ನೆಲದ ಮೇಲೆ ಕೂತು ತೋರಿಸಿದರು.

"ನಿಮ್ಮ ಕೈದಲ್ಲ ತಪ್ಪು. ನನ್ ಕೈದು" ಅಂದರು. ಒಂದೊಂದಾಗಿ ಎಲ್ಲ ಹೇಳಿದರು, ತಾಯಿಯ ಮಾತನ್ನೂ ಮುಚ್ಚಿಡಲಿಲ್ಲ. ಕೃಷ್ಣಪ್ಪ ಆ ಹೆಪ್ಪನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. ಬೈಯುತ್ತಾರೆ ಅಂತ ಕಾಯುತ್ತಿದ್ದೆವು.

ಕಬ್ಬಿಣ ಉಜ್ಜಿ, ಬೋಲ್ಟು ಬಿಗಿದು, ಅಳೆದಾಯಿತು. ಅಭ್ಯಾಸಬಲದಿಂದ ಲಿಂಗರಾಜಣ್ಣನ ಕೈ ಜೇಬಿಗೆ ಹೋಗಿ, ಸುಟ್ಟ ಹಾಗೆ ಹಿಂದೆ ಬಂತು.

"ಬೋಲ್ಟಿನ ಕೆಳಗೆ ಬೇಡ ಅಣ್ಣ" ಅಂದೆ. "ಬಿಗಿದಾಗಿದೆಯಲ್ಲ, ತಲೆಯ ಮೇಲೆ ಒಂದು ಬೊಟ್ಟು ಇಡಿ. ಸಿದ್ದಲಿಂಗಮ್ಮನವರು ಬೇಡ ಅನ್ನಲ್ಲ."

ಅವರು ಭರಣಿ ತೆಗೆದು ಒಂದು ಬೊಟ್ಟು ಇಟ್ಟರು.

ಆಮೇಲೆ ಅವರೂ ಸಾಕಮ್ಮನೂ ಸೇರಿ ಕೃಷ್ಣಪ್ಪನನ್ನು ಎತ್ತಿ ಸೀಟಿನಲ್ಲಿ ಕೂರಿಸಿದರು. ಲೈಟು, ವೈಪರು ಎಲ್ಲ ಹಾಕಿ ಕೃಷ್ಣಪ್ಪ ಲಿವರಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತರು, ತಳ್ಳಲಿಲ್ಲ. ನನಗೆ ಆ ಹೆದರಿಕೆ ಗೊತ್ತಿತ್ತು, ಅವಸರ ಮಾಡಬೇಡಿ ಅಂತ ಲಿಂಗರಾಜಣ್ಣನಿಗೆ ಕಣ್ಣಲ್ಲೇ ಹೇಳಿದೆ. ಕೊನೆಗೆ ತಳ್ಳಿದರು. ಲಿವರು ಕೊನೆಯ ತನಕ ಹೋಯಿತು. ಮತ್ತೆ ತಳ್ಳಿದರು, ಮತ್ತೆ, ಮತ್ತೆ. ಎಣಿಸುವುದನ್ನು ನಾನು ಬಿಟ್ಟೆ.

ಗಾಡಿಯಿಂದ ಇಳಿಯದೆ ಅವರು ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೆಂಡತಿಯನ್ನು ಕರೆದರು.

"ಇವ್ಳೇ, ನಂಗೂ ಲೋಟ ತುಂಬ ಕಾಫಿ ತತ್ತಾ."